ಕಥೆಯ ಕಡೆಗೀಲು

ಎರಡು ಕೊಡ ನೀರು. ತುಂಬುವಾಗ ಉಗುರು ನೀರಿಗೆ ತಾಗಬಾರದು. ಮೊದಲನೇ ಕೊಡ ಮೈಮೇಲೆ ಸುರಿದರೆ ಹುಡುಗಿ ಹೂವಿನ ಗಿಡವಾಗುತ್ತಾಳೆ. ಎಲೆ ಹರಿಯದೆ, ಟೊಂಗೆ ಮುರಿಯದೆ ಹೂವಷ್ಟನ್ನೇ ಬಿಡಿಸಿಕೊಳ್ಳಬೇಕು. ಎರಡನೇ ಕೊಡ ಸುರಿದರೆ ಗಿಡ ಮತ್ತೆ ಹುಡುಗಿ. ಕನ್ನಡದ ಹೆಣ್ಣುಮಕ್ಕಳು ಒಲೆಯ ಮುಂದೆ, ಪಡಸಾಲೆಯಲ್ಲಿ ಹೇಳಿಕೊಂಡು ಬಂದ ಈ ಕಥೆಯನ್ನು ಹೊರಜಗತ್ತಿಗೆ ಮುಟ್ಟಿಸಿದವರು ಎ. ಕೆ. ರಾಮಾನುಜನ್. 1950ರ ದಶಕದಲ್ಲಿ ಬೆಳಗಾವಿಯ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದಾಗಲೇ ಅವರು ಕಿತ್ತೂರಿನ ಸುತ್ತಮುತ್ತ ಕಥೆ ಕೂಡಿಸಲು ಶುರು ಮಾಡಿದ್ದರು.

ಕಥೆ ಮುಂದೆ ಹೀಗಿದೆ. ಕೂಲಿನಾಲಿ ಮಾಡಿ ಸಾಕುವ ಅವ್ವನಿಗೆ ನಾಲ್ಕು ಕಾಸು ಆಗಲಿ ಅಂತ ಹುಡುಗಿ ಗಿಡವಾಗುತ್ತಾಳೆ, ಅಕ್ಕ ಹೂ ಬಿಡಿಸಿ ಅರಮನೆಗೆ ಮಾರುತ್ತಾಳೆ. ರಾಜಕುಮಾರ ಮರೆಯಲ್ಲಿ ನಿಂತು ಗುಟ್ಟು ನೋಡಿ ಅವಳನ್ನೇ ಮದುವೆಯಾಗುತ್ತಾನೆ. ನಾದಿನಿ ತನ್ನ ಗೆಳತಿಯರ ಮುಂದೆ ಗಿಡವಾಗಿ ತೋರಿಸು ಎಂದು ತೋಟಕ್ಕೆ ಎಳೆದುಕೊಂಡು ಹೋಗುತ್ತಾಳೆ. ಹುಡುಗಿಯರು ಟೊಂಗೆ ಮುರಿಯುತ್ತಾರೆ, ಎಲೆ ಹರಿಯುತ್ತಾರೆ, ಎರಡನೇ ಕೊಡವನ್ನು ಅರ್ಧಮರ್ಧ ಚೆಲ್ಲಿ ಓಡುತ್ತಾರೆ. ಉಳಿಯುವುದು ಕೈಕಾಲಿಲ್ಲದ, ಗಾಯವಾದ ಒಂದು ಮುಂಡ. ಹತ್ತಿ ಬಂಡಿ ಹೊಡೆದುಕೊಂಡು ಹೊರಟವನೊಬ್ಬ ನರಳಾಟ ಕೇಳಿ ಅದನ್ನು ಎತ್ತಿಕೊಂಡು ಹೋಗಿ ಬೇರೆ ಊರಿನಲ್ಲಿ ಇಳಿಸುತ್ತಾನೆ. ಕೊನೆಗೆ ಅಲೆದು ಅಲೆದು ಬಂದ ಗಂಡ ಗುರುತು ಹಿಡಿದು, ಒಂದು ಕೊಡ ಸುರಿದು ಗಿಡ ಮಾಡಿ, ಮುರಿದ ಟೊಂಗೆಗಳನ್ನು ನೆಟ್ಟಗೆ ಮಾಡಿ ಕಟ್ಟಿ, ಆಮೇಲೆ ಎರಡನೆಯದನ್ನು ಸುರಿಯುತ್ತಾನೆ.

ಈ ಕಥೆಯನ್ನು ಇವತ್ತಿನ ಓದುಗರಿಗೆ ಮತ್ತೆ ಹೇಳಬೇಕು ಅನ್ನುವವರು ಮೊದಲು ಮಾಡಬೇಕಾದ ಕೆಲಸ ಇದರ ಕಡೆಗೀಲು ಹುಡುಕುವುದು. ಬಂಡಿಯ ಅಚ್ಚಿನ ತುದಿಗೆ, ಗಾಲಿ ಕಳಚದಂತೆ ತೂರಿಸುವ ಗೇಣುದ್ದ ಕೂಡ ಇಲ್ಲದ ಕೀಲು ಅದು. ಕಡೆಗೀಲಿಲ್ಲದ ಬಂಡಿ ಉರುಳದೆ ಇದ್ದೀತೆ ಎಂದು ಜೇಡರ ದಾಸಿಮಯ್ಯ ಕೇಳಿದ್ದು ಬೇರೆ ಅರ್ಥದಲ್ಲಿ. ಆದರೆ ಕಥೆಗೂ ಆ ಪ್ರಶ್ನೆ ಸಲ್ಲುತ್ತದೆ. ಬಂಡಿಗೆ ಹೊಸ ಬಣ್ಣ ಬಳಿಯಬಹುದು, ಕಟ್ಟಿಗೆಯ ಗಾಲಿ ತೆಗೆದು ರಬ್ಬರ್ ಗಾಲಿ ಹಾಕಬಹುದು, ಎತ್ತು ಬಿಟ್ಟು ಟ್ರ್ಯಾಕ್ಟರ್‌ಗೆ ಕಟ್ಟಬಹುದು. ಆ ಕೀಲು ಕಿತ್ತರೆ ಮಾತ್ರ ಹತ್ತು ಮಾರು ಹೋಗುವುದರೊಳಗೆ ಗಾಲಿ ಒಂದು ಕಡೆ, ಬಂಡಿ ಒಂದು ಕಡೆ.

ಹುಡುಕುವ ದಾರಿ ಸರಳ. ಕಥೆಯನ್ನು 12ರಿಂದ 15 ಸಾಲಿಗೆ ಇಳಿಸಿ ಬರೆಯಿರಿ. ಒಂದು ಸಾಲಿಗೆ ಒಂದೇ ಘಟನೆ. ಬಣ್ಣನೆ ಬೇಡ, ಗುಣ ಹೇಳುವ ಮಾತು ಬೇಡ. ಆಮೇಲೆ ಒಂದೊಂದೇ ಸಾಲನ್ನು ಕೈಯಿಂದ ಮುಚ್ಚಿ ಉಳಿದದ್ದನ್ನು ಓದಿ. ಯಾವ ಸಾಲು ಮುಚ್ಚಿದಾಗ ಮುಂದಿನ ಎರಡು ಮೂರು ಘಟನೆಗಳು ಯಾಕೆ ಆದವು ಎಂಬುದೇ ತಿಳಿಯದೆ ಹೋಗುತ್ತದೋ ಅಲ್ಲಿದೆ ಕೀಲು. ಹತ್ತಿ ಬಂಡಿಯ ಸಾಲು ಮುಚ್ಚಿ ನೋಡಿ: ಏನೂ ಆಗುವುದಿಲ್ಲ. ಬಂಡಿಯ ಜಾಗದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬರಬಹುದು, ಲಾರಿ ಬರಬಹುದು. ಆದರೆ ‘ಎಲೆ ಹರಿಯದೆ, ಟೊಂಗೆ ಮುರಿಯದೆ’ ಎಂಬ ಕರಾರನ್ನು ಮುಚ್ಚಿ ನೋಡಿ. ನಾದಿನಿಯ ಗೆಳತಿಯರು ಮಾಡಿದ್ದು ಬರೀ ಹುಡುಗಾಟವಾಗುತ್ತದೆ, ಕೈಕಾಲಿಲ್ಲದ ಮುಂಡ ಎಲ್ಲಿಂದ ಬಂತು ಗೊತ್ತಾಗುವುದಿಲ್ಲ, ಗಂಡ ಟೊಂಗೆ ಕಟ್ಟುವುದಕ್ಕೂ ಅರ್ಥ ಉಳಿಯುವುದಿಲ್ಲ.

ಮಕ್ಕಳಿಗೆ ಅಂತ ಈ ಕಥೆಯನ್ನು ಮೆದು ಮಾಡುವಾಗ ಕೈ ಮೊದಲು ಹೋಗುವುದು ಆ ಮುಂಡದ ಮೇಲೆ. ‘ಹುಡುಗಿ ಗಿಡವಾಗಿಯೇ ಉಳಿದಳು, ಗಂಡ ಬಂದು ನೀರು ಹಾಕಿದ, ಸರಿಹೋಯಿತು’ ಎಂದು ಮುಗಿಸಿಬಿಡುವ ಆಸೆ. ಭಯ ತೆಗೆಯಲು ಹೋಗಿ ಕಥೆಯ ಲೆಕ್ಕವನ್ನೇ ಅಳಿಸಿದ ಹಾಗೆ ಅದು. ಟೊಂಗೆ ಮುರಿದರೆ ಕೈ ಮುರಿಯುತ್ತದೆ ಎಂಬ ಲೆಕ್ಕ ಆರು ವರ್ಷದ ಮಗುವಿಗೂ ತಿಳಿಯುತ್ತದೆ, ಮತ್ತು ಟೊಂಗೆ ಕಟ್ಟಿದಾಗ ಕೈ ಬರುತ್ತದೆ ಎಂಬ ಸಮಾಧಾನ ಸಿಗಬೇಕಾದರೆ ಮೊದಲನೆಯದು ಇರಲೇಬೇಕು. ರಕ್ತ, ಗಾಯ, ಕೀವು ಇವುಗಳ ಬಣ್ಣನೆ ಬಿಡಿ, ಮುರಿದದ್ದನ್ನು ಬಿಡಬೇಡಿ. ಕಡೆಯ ಪುಟದಲ್ಲಿ ‘ಮಕ್ಕಳೇ, ಗಿಡ ಕಡಿಯಬಾರದು’ ಅಂತ ಸೇರಿಸುವುದು ಇನ್ನೊಂದು ತಪ್ಪು. ಎರಡು ಕೊಡದ ಕರಾರು ಅದನ್ನು ಆಗಲೇ ಹೇಳಿ ಆಗಿದೆ, ಮೇಲಾಗಿ ಪರಿಸರದ ಪಾಠಕ್ಕಿಂತ ಹೆಚ್ಚಿನದನ್ನೇ ಹೇಳಿದೆ.

ದೊಡ್ಡವರಿಗೆ ಬರೆಯುವವರು ಎಡವುವುದು ಬೇರೆ ಕಡೆ. ಹಳೆ ಕಥೆಯೊಳಗೆ ಇಂದಿನ ವಿಚಾರ ಇಲ್ಲ, ನಾವೇ ತುಂಬಬೇಕು ಎಂದುಕೊಂಡು ಹೊರಡುತ್ತಾರೆ. ಇದೇ ಕಥೆಯಲ್ಲಿ ಹುಡುಗಿ ಎಷ್ಟು ಸಲ ಗಿಡವಾಗುತ್ತಾಳೆ ಎಣಿಸಿ. ಮೊದಲು ತಾನಾಗಿಯೇ, ಅವ್ವನ ಸಲುವಾಗಿ. ಆಮೇಲೆ ಅವ್ವನಿಗೆ ನಿಜ ತೋರಿಸುವ ಸಲುವಾಗಿ. ಆಮೇಲೆ ಗಂಡನ ಒತ್ತಾಯಕ್ಕೆ, ಆಮೇಲೆ ನಾದಿನಿಯ ಹಟಕ್ಕೆ. ಐದನೆಯ ಸಲ ಅವಳಿಗೆ ಕೈಕಾಲೇ ಇಲ್ಲ, ಗುಣಪಡಿಸಲು ಬೇರೆಯವರ ಕೈಯೇ ಬೇಕು. ಅವಳದೇ ಇಚ್ಛೆ ಇದ್ದದ್ದು ಮೊದಲ ಸಲ ಮಾತ್ರ. ಗಂಡ ಪ್ರೀತಿಯಿಂದಲೇ ಕೇಳುತ್ತಾನೆ, ಹೂ ಮಂಚದ ಸುತ್ತ ರಾಶಿ ಬೀಳುತ್ತದೆ. ಆದರೂ ಕೇಳಿದವನು ಅವನು, ಬೇಡ ಅಂದವಳು ಇವಳು. ಇಷ್ಟನ್ನು ಕಥೆ ತಾನಾಗಿಯೇ ಕಟ್ಟಿಟ್ಟಿರುವಾಗ ಹುಡುಗಿಯ ಬಾಯಿಗೆ ‘ನನ್ನ ದೇಹ ನನ್ನ ಹಕ್ಕು’ ಎಂಬ ಭಾಷಣ ತುರುಕಬೇಕಾಗಿಲ್ಲ. ಐದು ಸಲವೂ ಕೊಡ ಎತ್ತಿದವರು ಯಾರು, ಹೇಗೆ ಎತ್ತಿದರು ಎಂಬುದನ್ನು ಬೇರೆ ಬೇರೆಯಾಗಿ ಬರೆದರೆ ಸಾಕು. ಅಕ್ಕ ಎರಡೂ ಕೈಯಿಂದ ಹಿಡಿದು ನಿಧಾನ ಸುರಿಯುತ್ತಾಳೆ, ನಾದಿನಿಯ ಗೆಳತಿಯರು ನಗುತ್ತ ಎರಚುತ್ತಾರೆ. ಓದುವವರಿಗೆ ಉಳಿದದ್ದು ತಾನೇ ತಿಳಿಯುತ್ತದೆ.

ಹಳೆ ಕಥೆ ತಿದ್ದುವುದೇ ತಪ್ಪು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ‘ಮೂಲ’ ಎಂದು ನಾವು ಹಿಡಿದುಕೊಂಡಿರುವ ಕಥೆಗಳೇ ತಿದ್ದಿದವು. ಕೆಂಪು ಟೋಪಿಯ ಹುಡುಗಿಯ ಕಥೆಯನ್ನು 1697ರಲ್ಲಿ ಫ್ರಾನ್ಸಿನ ಪೆರೋ ಅಚ್ಚು ಮಾಡಿದಾಗ ತೋಳ ಹುಡುಗಿಯನ್ನು ತಿಂದು ಮುಗಿಸುತ್ತದೆ, ಬಿಡಿಸಲು ಯಾರೂ ಬರುವುದಿಲ್ಲ. ಬೇಟೆಗಾರ ಬಂದು ತೋಳದ ಹೊಟ್ಟೆ ಸೀಳಿ ಅಜ್ಜಿ ಮೊಮ್ಮಗಳನ್ನು ಹೊರತೆಗೆಯುವುದು ಗ್ರಿಮ್ ಸಹೋದರರ ಪುಸ್ತಕದಲ್ಲಿ. ಆ ಪುಸ್ತಕದ ಮೊದಲ ಸಂಪುಟ ಬಂದದ್ದು 1812ರಲ್ಲಿ, ಏಳನೆಯ ಹಾಗೂ ಕೊನೆಯ ಪರಿಷ್ಕರಣೆ 1857ರಲ್ಲಿ. ಆ 45 ವರ್ಷಗಳಲ್ಲಿ ತಿದ್ದುಪಡಿ ನಿಂತಿರಲಿಲ್ಲ. 1812ರಲ್ಲಿ ಹಿಮಬಿಳುಪಿನ ಹುಡುಗಿಯನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. ಮುಂದಿನ ಪರಿಷ್ಕರಣೆಯಲ್ಲಿ ಅವಳು ಮಲತಾಯಿಯಾದಳು. ಕಾಡಿನಲ್ಲಿ ಮಕ್ಕಳನ್ನು ಬಿಟ್ಟುಬರುವ ಹಾನ್ಸೆಲ್, ಗ್ರೇಟೆಲ್ ಕಥೆಯ ತಾಯಿಗೂ ಕೊನೆಗೆ ಆದದ್ದು ಅದೇ. ತಾಯ್ತನಕ್ಕೆ ಕಳಂಕ ಬರಬಾರದು ಎಂಬ ಕಾಳಜಿಯಿಂದ ಮಾಡಿದ ಈ ಒಂದು ತಿದ್ದುಪಡಿ ಆ ಕಳಂಕವನ್ನು ಲೋಕದ ಮಲತಾಯಿಯರೆಲ್ಲರ ತಲೆಗೆ ಕಟ್ಟಿತು. ಇದರಲ್ಲಿ ನಮಗೊಂದು ಎಚ್ಚರವಿದೆ: ಕೇಡು ಮನೆಯೊಳಗಿಂದ ಬರುವ ಕಥೆಯಲ್ಲಿ ಕೇಡಿಗನನ್ನು ಮನೆಯಿಂದ ಹೊರಗೆ ದಾಟಿಸಿದರೆ ಕಥೆ ಹಗುರಾಗುತ್ತದೆ, ಮತ್ತು ಬೇರೆ ಯಾರೋ ಆ ಭಾರ ಹೊರುತ್ತಾರೆ.

ಹಂಚಿಯ ಕಥೆಯಲ್ಲಿ ಈ ಎಚ್ಚರ ಎಲ್ಲಕ್ಕಿಂತ ಹೆಚ್ಚು ಬೇಕು. ಕಿತ್ತೂರಿನ ಕಡೆ ಸಿಕ್ಕ, ನಮ್ಮ ಸೀಮೆಯ ಸಿಂಡ್ರೆಲಾ ಅವಳು. ಬಂಗಾರದ ಕೂದಲಿನ ಹುಡುಗಿ. ಅವಳ ಕೂದಲು ನೋಡಿ ಒಡಹುಟ್ಟಿದ ಅಣ್ಣನೇ ಅವಳನ್ನು ಮದುವೆಯಾಗುತ್ತೇನೆ ಅನ್ನುತ್ತಾನೆ. ತಾಯಿ ಎದುರಾಡುವುದಿಲ್ಲ. ಹೂಂ ಎಂದು, ಮದುವೆಗೆ ಅಕ್ಕಿ ಬೇಳೆ ತಾ ಅಂತ ಅವನನ್ನು ಪೇಟೆಗೆ ಕಳಿಸಿ, ಕುಂಬಾರನ ಹತ್ತಿರ ಓಡಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡಿಸುತ್ತಾಳೆ. ಬುತ್ತಿ ಕಟ್ಟಿ ಮಗಳನ್ನು ಊರು ದಾಟಿಸಿ ತಾನು ವಿಷ ಕುಡಿಯುತ್ತಾಳೆ. ಹಂಚಿನಂಥ ಮುಖದವಳು, ಅದಕ್ಕೇ ಹಂಚಿ. ಒಬ್ಬ ಸಾವ್ಕಾರನ ಮನೆಯಲ್ಲಿ ಅಡಿಗೆಗೆ ನಿಲ್ಲುತ್ತಾಳೆ, ಜಳಕ ಮಾಡುವಾಗ ಕಿರಿಯ ಮಗ ನಿಜವಾದ ಮುಖ ನೋಡುತ್ತಾನೆ, ಮದುವೆಯಾಗುತ್ತದೆ. ಸಿಂಡ್ರೆಲಾಳ ಕಥೆ ಅಲ್ಲಿಗೆ ಮುಗಿಯುತ್ತದೆ. ಇದು ಮುಗಿಯುವುದಿಲ್ಲ. ಆ ಮನೆತನದ ಗುರು ಅವಳ ಮೇಲೆ ಕಣ್ಣು ಹಾಕುತ್ತಾನೆ. ಮಂತ್ರಿಸಿ ಕೊಟ್ಟ ತಿನಿಸನ್ನು ಹಂಚಿ ತಿನ್ನದೆ ಮನೆಯ ಸಾಮಾನಿಗೆ ಸೋಕಿಸುತ್ತಾಳೆ. ಪಾತ್ರೆ, ಕಸಬರಿಗೆಗಳೇ ಎದ್ದು ಹೋಗಿ ಅವನನ್ನು ಬಡಿಯುತ್ತವೆ. ಸೋತ ಗುರು ಅವಳ ನಡತೆಯ ಮೇಲೆ ಮಾತು ಹಚ್ಚಿ, ಮನೆಯವರ ಕೈಯಿಂದಲೇ ಅವಳನ್ನು ಪೆಟ್ಟಿಗೆಯಲ್ಲಿ ಹಾಕಿಸಿಕೊಂಡು ಒಯ್ಯುತ್ತಾನೆ. ಮುದುಕಿಯೊಬ್ಬಳು ಅವಳನ್ನು ಬಿಡಿಸಿ ಪೆಟ್ಟಿಗೆಯೊಳಗೆ ಹುಚ್ಚುನಾಯಿ ತುಂಬಿ ಇಡುತ್ತಾಳೆ.

ಜನಪದ ಕಥೆಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇದರ ಮೊದಲರ್ಧ 510ಬಿ, ಎರಡನೆಯರ್ಧ 896. ಅಂದರೆ ಎರಡು ಕಥೆಗಳ ಬೆಸುಗೆ ಇದು. ಚಿಕ್ಕ ಪುಸ್ತಕಕ್ಕೆ ಜಾಗ ಸಾಲದೆ ಮದುವೆಗೇ ನಿಲ್ಲಿಸುವವರಿಗೆ ಈ ಬೆಸುಗೆ ಒಂದು ನೆವ. ನಿಲ್ಲಿಸಿದರೆ ಆಗುವ ನಷ್ಟ ದೊಡ್ಡದು: ಅಣ್ಣನಿಂದ ತಪ್ಪಿಸಿಕೊಂಡವಳಿಗೆ ಮದುವೆ ಸುರಕ್ಷಿತ ಜಾಗ ಎಂಬ ಸುಳ್ಳು ಉಳಿಯುತ್ತದೆ. ಕಥೆ ಹೇಳಿದ ಮುದುಕಿಯರು ಆ ಸುಳ್ಳು ಹೇಳಲಿಲ್ಲ.

ಅಣ್ಣನ ಪ್ರಸಂಗವನ್ನು ಎಂಟು ವರ್ಷದ ಮಗುವಿಗೆ ಹೇಗೆ ಹೇಳುವುದು? ಅಣ್ಣನ ಬದಲು ದುಷ್ಟ ರಾಜನನ್ನೋ ರಾಕ್ಷಸನನ್ನೋ ತರುವುದು ಸುಲಭ. ತಂದ ಕೂಡಲೇ ತಾಯಿಯ ಉಪಾಯ ಕೆಡುತ್ತದೆ, ಏಕೆಂದರೆ ರಾಕ್ಷಸನಿಗೆ ಹೂಂ ಎಂದು ಪೇಟೆಗೆ ಕಳಿಸಲಾಗುವುದಿಲ್ಲ, ಮತ್ತು ರಾಕ್ಷಸ ಬಂದರೆ ಊರೇ ನಿಲ್ಲುತ್ತದೆ. ಮಗಳು ಗುಟ್ಟಾಗಿ ಹೊರಡುವ ಕಾರಣವಿರುವುದಿಲ್ಲ. ನನ್ನ ಮಟ್ಟಿಗೆ ಸರಿ ಕಾಣುವ ದಾರಿ ಅಣ್ಣನನ್ನು ಉಳಿಸಿಕೊಂಡು ಅವನ ಆಸೆಯನ್ನು ಕೂದಲಿಗೆ ಸೀಮಿತ ಮಾಡುವುದು. ಬಂಗಾರದ ಕೂದಲು ಕತ್ತರಿಸಿ ಮಾರಬೇಕು ಎಂಬ ಹಟ ಅವನಿಗೆ ಹತ್ತಲಿ, ದಿನಕ್ಕೊಂದು ಎಳೆ ಕೇಳುತ್ತ ಹೋಗಲಿ. ಕೇಡು ಮನೆಯೊಳಗೇ ಉಳಿಯಿತು, ತಾಯಿಯ ಉಪಾಯ ಉಳಿಯಿತು, ಮುಖವಾಡದ ಅಗತ್ಯವೂ ಉಳಿಯಿತು. ತಾಯಿ ವಿಷ ಕುಡಿಯುವುದನ್ನು ಬಿಟ್ಟು, ಬಾಗಿಲು ಹಾಕಿಕೊಂಡು ಮಗನ ದಾರಿ ಕಾಯುತ್ತ ಕೂತಳು ಎಂದು ಅಲ್ಲಿಗೇ ನಿಲ್ಲಿಸಬಹುದು. ಹದಿನೈದು ದಾಟಿದವರಿಗೆ ಬರೆಯುವಾಗ ಯಾವುದನ್ನೂ ಮುಚ್ಚಬೇಕಾಗಿಲ್ಲ.

ಗುರುವಿನ ಪ್ರಸಂಗದಲ್ಲಿ ಬರೆಯುವವರ ಕೈ ಹೆಚ್ಚು ನಡುಗುತ್ತದೆ. ಯಾರಿಗಾದರೂ ಬೇಸರವಾದೀತು ಅಂತ ಅವನನ್ನು ಮಾಂತ್ರಿಕ ಮಾಡಿಬಿಡುತ್ತಾರೆ. ಆಗ ಒಂದು ಪ್ರಶ್ನೆಗೆ ಉತ್ತರವಿಲ್ಲ: ಹೊರಗಿನ ಮಾಂತ್ರಿಕನೊಬ್ಬ ಬಂದು ನಿಮ್ಮ ಸೊಸೆ ಸರಿಯಿಲ್ಲ ಅಂದರೆ ಸಾವ್ಕಾರನ ಮನೆಯವರು ಯಾಕೆ ನಂಬಬೇಕು? ಎರಡನೆಯರ್ಧದ ಕಡೆಗೀಲು ಅವನ ಮಂತ್ರವಲ್ಲ, ಮನೆಯವರು ಅವನ ಮೇಲೆ ಇಟ್ಟ ನಂಬಿಕೆ. ನಮ್ಮ ಕಡೆ ಮಠದವರನ್ನು ಅಜ್ಜಾರು ಅನ್ನುತ್ತಾರೆ. ಹಂಚಿ ಅವನನ್ನು ‘ಅಜ್ಜಾರ’ ಅಂತ ಕರೆದು ತಾಟು ಮುಂದಿಡುವ ಒಂದು ಸಾಲು ಬರೆದು ನೋಡಿ. ಅವನ ಕೇಡಿನ ಆಳ ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ. ಇಂದಿನ ಕಾಲಕ್ಕೆ ಬದಲಿಸಲೇಬೇಕಾದರೆ ಅಷ್ಟೇ ನಂಬಿಕೆಯ ಇನ್ನೊಬ್ಬನನ್ನು ತನ್ನಿ: ಮನೆಯ ಹಿರಿಯ ಲೆಕ್ಕಿಗ, ಮನೆಪಾಠದ ಮೇಷ್ಟ್ರು, ಎಲ್ಲರೂ ಕಾಲು ಮುಟ್ಟಿ ನಮಸ್ಕರಿಸುವ ದೊಡ್ಡಪ್ಪ.

ಮುಖವಾಡವನ್ನು ಮೊದಲ ಪುಟದಲ್ಲೇ ಒಡೆದು ‘ನಾನು ಹೆದರುವುದಿಲ್ಲ’ ಅನ್ನುವ ಹಂಚಿಯನ್ನು ಬರೆಯುವ ಆಸೆಯೂ ಸಹಜ. ಆದರೆ ಹಾಗೆ ಮಾಡಿದರೆ ಅವಳ ಜಾಣತನ ತೋರಲು ಜಾಗ ಸಿಗುವುದಿಲ್ಲ. ಈ ಹುಡುಗಿಯ ಧೈರ್ಯ ಇರುವುದು ತಿನಿಸನ್ನು ನಗುತ್ತ ಇಸಿದುಕೊಂಡು ತಿನ್ನದೆ ಇರುವುದರಲ್ಲಿ. ಅಡಿಗೆಮನೆಯ ಪಾತ್ರೆಯೇ ಅವಳ ಸೈನ್ಯ. ಪಾತ್ರೆಗಳು ಗಡಗಡ ಸದ್ದು ಮಾಡಿಕೊಂಡು ಬೀದಿಗುಂಟ ಹೋಗುವ ಭಾಗವನ್ನು ಅವಸರ ಮಾಡದೆ ಬರೆಯಿರಿ. ಒಂದೊಂದು ಸಲಕ್ಕೂ ಬೇರೆ ಸಾಮಾನು, ಬೇರೆ ಸದ್ದು, ಮತ್ತು ಪ್ರತಿ ಸಲ ಹಿಂದಿನದಕ್ಕಿಂತ ತುಸು ಚಿಕ್ಕದಾಗಿ. ಮೂರನೆಯ ಸಲಕ್ಕೆ ಕೇಳುವವರು ಮುಂದಿನದನ್ನು ತಾವೇ ಹೇಳುವಂತಿರಬೇಕು.

ಅಂತ್ಯ ಬದಲಿಸಬಹುದೇ ಎಂಬುದಕ್ಕೆ ಗಿರೀಶ ಕಾರ್ನಾಡರ ನಾಗಮಂಡಲ ಒಳ್ಳೆಯ ಉತ್ತರ. 1988ರ ಆ ನಾಟಕ ರಾಮಾನುಜನ್ ಅವರಿಂದ ಕೇಳಿದ ಎರಡು ಬಾಯಿಮಾತಿನ ಕಥೆಗಳನ್ನು ಜೋಡಿಸಿದ್ದು. ರಾಣಿ ಎಂಬ ಹೆಂಗಸಿನ ಬಳಿಗೆ ಅವಳ ಗಂಡನ ರೂಪದಲ್ಲಿ ಬರುತ್ತಿದ್ದ ನಾಗನಿಗೆ ಏನಾಯಿತು ಎಂಬುದಕ್ಕೆ ಅಲ್ಲಿ ಒಂದಕ್ಕಿಂತ ಹೆಚ್ಚು ಕೊನೆಗಳಿವೆ. ಆದರೆ ರಾಣಿ ಹಾವಿನ ಮೇಲೆ ಕೈಯಿಟ್ಟು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರಾರನ್ನೂ ಮುಟ್ಟಿಲ್ಲ ಎಂದು ಆಣೆ ಮಾಡುವ ಜಾಗ ಅಲುಗಿಲ್ಲ. ಅದು ಅಕ್ಷರಶಃ ನಿಜವಾದ ಮಾತು, ಊರವರಿಗೆ ತಿಳಿಯದ ನಿಜ. ಆ ಆಣೆ ಗಟ್ಟಿಯಾಗಿರುವುದರಿಂದಲೇ ಕೊನೆಯನ್ನು ಹೇಗೆ ಬೇಕಾದರೂ ತಿರುಗಿಸಲು ಸಾಧ್ಯವಾಯಿತು.

ಹೊರಗಿನ ಕಥೆಯನ್ನು ನಮ್ಮ ನೆಲಕ್ಕೆ ತರುವಾಗ ನೆಲದ ಲೆಕ್ಕ ಬೇಕಾಗುತ್ತದೆ. ಕೆಂಪು ಟೋಪಿಯ ಹುಡುಗಿಯನ್ನು ವಿಜಯಪುರದ ಬಯಲಿಗೆ ತಂದರೆ ಮೊದಲ ತೊಡಕು ಕಾಡು. ಇಲ್ಲಿ ದಟ್ಟ ಕಾಡಿಲ್ಲ, ಅಡವಿ ಅಂದರೆ ಊರಾಚೆಯ ಹೊಲ, ಕುರುಚಲು. ತೋಳಕ್ಕೂ ನಮ್ಮಲ್ಲಿ ದಟ್ಟ ಕಾಡು ಬೇಕಿಲ್ಲ. ಕುರಿ ಕಾಯುವವರನ್ನು ಕೇಳಿದರೆ ಅದು ಬಯಲಿನ ಪ್ರಾಣಿ ಅಂತ ಹೇಳುತ್ತಾರೆ. ಆದರೆ ಬಯಲಿನಲ್ಲಿ ಮೈಲಿ ದೂರದಿಂದಲೇ ಎಲ್ಲ ಕಾಣುತ್ತದೆ, ತೋಳ ಅಡಗುವುದೆಲ್ಲಿ? ಎಳ್ಳಮಾವಾಸ್ಯೆಯ ಹೊತ್ತಿಗೆ, ಡಿಸೆಂಬರ್–ಜನವರಿಯಲ್ಲಿ, ಹಿಂಗಾರಿಯ ಬಿಳಿಜೋಳ ಆಳೆತ್ತರ ನಿಂತಿರುತ್ತದೆ. ಚರಗ ಚೆಲ್ಲುವ, ಅಂದರೆ ಬೆಳೆಗೆ ನೈವೇದ್ಯ ಎರಚುವ ದಿನ ಬುತ್ತಿ ಹೊತ್ತು ಹೊಲಕ್ಕೆ ಹೋಗುವುದೂ ಇದೆ. ಹೊಲದ ವಸ್ತಿಯಲ್ಲಿರುವ ಅಜ್ಜಿಗೆ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಾಳಿನ ಪಲ್ಯ ಒಯ್ಯುವ ಹುಡುಗಿಗೆ ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ಟೋಪಿಗೆ ನಮ್ಮಲ್ಲಿ ಕುಂಚಿಗೆ ಇದೆ, ಗುಳೇದಗುಡ್ಡದ ಕೆಂಪು ಖಣದಲ್ಲಿ ಹೊಲಿದದ್ದು. ತೊಡಕೆಂದರೆ ಕುಂಚಿಗೆ ಹಾಕುವುದು ಕೂಸುಗಳಿಗೆ. ಹಾಗಾದರೆ ಅಜ್ಜಿ ಹೊಲಿದದ್ದು ಅಂತ ವಯಸ್ಸು ಮೀರಿದರೂ ಬಿಡದ ಹುಡುಗಿ ಅವಳು, ಓಣಿಯ ಹುಡುಗರು ಅದಕ್ಕೇ ಕಾಡುತ್ತಾರೆ ಎಂದು ಬರೆದರೆ ತೊಡಕೇ ಗುಣವಾಯಿತು.

ಇಷ್ಟೆಲ್ಲ ಬದಲಿಸಿದ ಮೇಲೂ ಕೀಲು ಹಾಗೇ ಇದೆ: ಎಲ್ಲಿಗೆ ಹೊರಟಿದ್ದೇನೆ ಅಂತ ಹುಡುಗಿಯೇ ತೋಳಕ್ಕೆ ಹೇಳುವುದು. ಮತ್ತು ಈ ಕೀಲು ನಮ್ಮ ನೆಲದಲ್ಲಿ ಮೂಲಕ್ಕಿಂತ ಚೆನ್ನಾಗಿ ಕೂಡುತ್ತದೆ. ‘ಎಲ್ಲಿಗ್ ಹೊಂಟಿ ತಂಗಿ? ಯಾರ ಮಗಳವಾ ನೀ?’ ದಾರಿಯಲ್ಲಿ ಎದುರಾದವರೆಲ್ಲ ಕೇಳುವ ಮಾತಿದು, ನಿಂತು ಉತ್ತರ ಕೊಡುವುದು ಮರ್ಯಾದೆ ಅಂತ ಮಕ್ಕಳಿಗೆ ಕಲಿಸಿರುತ್ತೇವೆ. ತೋಳಕ್ಕೆ ಅಷ್ಟು ಸಾಕು. ಹುಡುಗಿ ತಪ್ಪು ಮಾಡಿದ್ದಲ್ಲ, ಕಲಿಸಿದ್ದನ್ನೇ ಮಾಡಿದ್ದು.

ಮೊಬೈಲ್ ವಿಚಾರ. ಕಥೆಯನ್ನು ಇಂದಿಗೆ ತಂದರೆ ಅಗಲಿಕೆ, ತಪ್ಪಿಸಿಕೊಳ್ಳುವುದು, ಗುರುತು ಸಿಗದೆ ಇರುವುದು ಇವೆಲ್ಲ ಒಂದು ಫೋನಿನಿಂದ ಮುಗಿದುಹೋಗುತ್ತವೆ. ‘ನೆಟ್‌ವರ್ಕ್ ಇರಲಿಲ್ಲ’ ಎಂಬ ಸಾಲು ಒಂದು ಸಲ ನಡೆದೀತು, ಎರಡನೆಯ ಸಲಕ್ಕೆ ಓದುಗ ಪುಸ್ತಕ ಮುಚ್ಚುತ್ತಾನೆ. ಫೋನನ್ನು ಕೇಡಿಗನ ಕೈಗೆ ಕೊಡುವುದು ಮೇಲು: ಹಂಚಿಯ ಮೇಲೆ ಗುರು ಹಚ್ಚುವ ಮಾತು ಇಂದು ಊರಿನ ವಾಟ್ಸಾಪ್ ಗುಂಪಿನಲ್ಲಿ ಹತ್ತು ನಿಮಿಷಕ್ಕೆ ಹಬ್ಬುತ್ತದೆ.

ಭಾಷೆಯಲ್ಲಿ ಆಗುವ ತಪ್ಪುಗಳು ಬಹಳ, ಹೆಚ್ಚಿನವು ಇಂಗ್ಲಿಷ್ ಪುಸ್ತಕದಿಂದ ಕನ್ನಡಕ್ಕೆ ಮರಳಿ ತರುವಾಗ ಆಗುವಂಥವು. ಇಂಗ್ಲಿಷಿನಲ್ಲಿ ನಾದಿನಿ, ನೆಗೆಣ್ಣಿ, ಅತ್ತಿಗೆ ಮೂವರಿಗೂ ಒಂದೇ ಪದ. ಗಿಡವಾಗುವ ಹುಡುಗಿಯನ್ನು ತೋಟಕ್ಕೆ ಎಳೆದೊಯ್ದವಳು ಅತ್ತಿಗೆ ಅಂತ ಬರೆದರೆ ಮನೆಯೊಳಗಿನ ಅಧಿಕಾರದ ಲೆಕ್ಕವೇ ತಿರುಗುಮುರುಗು. ಗಂಡನ ತಂಗಿಗೆ ಹೊಸ ಸೊಸೆಯ ಮೇಲಿರುವ ಸಲಿಗೆ, ಅದರೊಳಗಿನ ದರ್ಪ ನಾದಿನಿ ಎಂಬ ಪದದಲ್ಲೇ ಇದೆ. ಹಾಗೆಯೇ ಮಗಳು ಅವ್ವನಿಗೆ ‘ನೀ’ ಅನ್ನಲಿ, ಸಾವ್ಕಾರನಿಗೆ ‘ರೀ’ ಅನ್ನಲಿ; ಅವ್ವನಿಗೆ ‘ನೀವು’ ಅಂದರೆ ಆ ಮನೆ ನಮ್ಮ ಊರಿನದಾಗಿ ಉಳಿಯುವುದಿಲ್ಲ.

ಆಡುನುಡಿ ಎಷ್ಟು ಬಳಸಬೇಕು ಎಂಬುದಕ್ಕೆ ನಾನು ಇಟ್ಟುಕೊಂಡ ಅಳತೆ: ಹೇಳುವವರ ಮಾತು ಬರಹದ ಕನ್ನಡದಲ್ಲಿ, ಪಾತ್ರಗಳ ಮಾತು ಊರಿನ ಕನ್ನಡದಲ್ಲಿ. ಇಡೀ ಕಥೆಯನ್ನು ಆಡುನುಡಿಯಲ್ಲೇ ಬರೆದರೆ ಚಾಮರಾಜನಗರದ ಓದುಗರು ಎರಡನೇ ಪುಟಕ್ಕೆ ಬಿಡುತ್ತಾರೆ. ಆಡುನುಡಿ ಹಿಡಿದರೆ ಒಂದೇ ಊರಿನದು ಹಿಡಿಯಿರಿ. ಬೆಳಗಾವಿಯ ಮಾತಿಗೆ ಮರಾಠಿಯ ಒಗ್ಗರಣೆ ಇದೆ, ವಿಜಯಪುರದ ಮಾತಿಗೆ ಉರ್ದುವಿನದು. ಎರಡನ್ನೂ ಒಬ್ಬಳೇ ಅಜ್ಜಿಯ ಬಾಯಲ್ಲಿ ಹಾಕಿದರೆ ಅವಳು ಯಾವ ಊರಿನವಳೂ ಅಲ್ಲ. ‘ಹೋಗತೀನಿ’, ‘ಹೊಕ್ಕೀನಿ’ ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಕೊನೆತನಕ ಅದನ್ನೇ ಬರೆಯಿರಿ.

ಒಂದೇ ಪುಸ್ತಕ ನೋಡಿ ಮರುಕಥನಕ್ಕೆ ಕೈಹಾಕಬಾರದು. ಅದೇ ಕಥೆಯ ಕನಿಷ್ಠ ಮೂರು ಪಾಠಗಳನ್ನು, ಅಂದರೆ ಬೇರೆ ಬೇರೆ ರೂಪಗಳನ್ನು, ಓದಬೇಕು, ಒಂದನ್ನಾದರೂ ಬಾಯಿಂದ ಕೇಳಬೇಕು. ಹಲಸಂಗಿಯ ಗೆಳೆಯರ ಬಳಗದ ಸಿಂಪಿ ಲಿಂಗಣ್ಣನವರು ಉತ್ತರ ಕರ್ನಾಟಕದ ಜನಪದ ಕಥೆಗಳನ್ನು ಸಂಗ್ರಹಿಸಿ ಕೊಟ್ಟಿದ್ದಾರೆ, ಅಲ್ಲಿಂದ ಶುರು ಮಾಡಬಹುದು. ಹಕ್ಕಿನ ಮಾತೂ ಇದೆ. ಜನಪದ ಕಥೆ ಎಲ್ಲರದು, ಆದರೆ ಸಂಗ್ರಹಕಾರರು ಬರೆದ ವಾಕ್ಯಗಳು ಅವರವು. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಗ್ರಿಮ್ ಕಥೆಗಳಿಗೂ ಅಷ್ಟೇ: ಜರ್ಮನ್ ಮೂಲಕ್ಕೆ ಹಕ್ಕಿಲ್ಲ, ಇತ್ತೀಚಿನ ಅನುವಾದಕ್ಕೆ ಇದೆ. ಬಾಯಿಂದ ಕೇಳಿದ್ದಾದರೆ ಹೇಳಿದವರನ್ನು ಕೇಳಿ, ಅವರು ಒಪ್ಪಿದರೆ ಹೆಸರು ಹಾಕಿ.

ಬರೆದು ಮುಗಿದ ಮೇಲೆ ಗಟ್ಟಿಯಾಗಿ ಓದಬೇಕು, ಎದುರಿಗೆ ಒಬ್ಬರು ಕೂತು ಹೂಂಗುಟ್ಟಬೇಕು. ನಿಮಿಷಕ್ಕೆ ಸುಮಾರು ನೂರು ಪದ ಹಿಡಿದರೆ 1200 ಪದದ ಕಥೆ ಹನ್ನೆರಡು ನಿಮಿಷ; ಎಂಟು ಹತ್ತು ವರ್ಷದವರಿಗೆ ಅದು ಸಾಕು, ಅವರಿಗಿಂತ ಚಿಕ್ಕವರಿಗೆ 500 ಪದ ಮೀರಬಾರದು. ಓದುವಾಗ ಕೈಯಲ್ಲಿ ಸೀಸದ ಕಡ್ಡಿ ಇರಲಿ. ಹೂಂ ಎಲ್ಲಿ ನಿಲ್ಲುತ್ತದೋ ಅಲ್ಲೊಂದು ಗೆರೆ ಹಾಕಿ. ಎರಡು ಥರ ನಿಲ್ಲುತ್ತದೆ: ಕೇಳುವವರು ಉಸಿರು ಹಿಡಿದಾಗ ಒಂದು, ಬೇಸತ್ತು ಬೇರೆ ಕಡೆ ನೋಡಿದಾಗ ಇನ್ನೊಂದು. ಎರಡನೆಯದಾದರೆ ಗೆರೆಯಿಂದ ನಾಲ್ಕು ಸಾಲು ಹಿಂದೆ ಹೋಗಿ ನೋಡಿ, ಅಲ್ಲಿ ನೀವು ಏನನ್ನೋ ವಿವರಿಸಲು ಶುರು ಮಾಡಿರುತ್ತೀರಿ. ಅದನ್ನು ಹೊಡೆದುಹಾಕಿ, ಮರುದಿನ ಇನ್ನೊಬ್ಬರನ್ನು ಕೂರಿಸಿಕೊಂಡು ಮೊದಲಿಂದ ಓದಿ.